ಮೂರನೆಯ ಕರಡು

ಇನಾರಿಯ ಆಚೆಯ ಹಿಮದ ದಾರಿಯಲ್ಲಿ
ಪುಸ್ತಕದ ಬಸ್ಸು ಓಡಿಸುತ್ತೇನೆ, ಹತ್ತೊಂಬತ್ತು ವರ್ಷದಿಂದ.
ವಾಪಸು ಬಂದ ಕಾದಂಬರಿಗಳೊಳಗೆ
ಮೀನಿನ ಹುರುಪೆ, ಮಾತ್ರೆಯ ಖಾಲಿ ಪಟ್ಟಿ,
ಮುದುಕಿ ರೌನಿಯ ಪೆನ್ಸಿಲ್ ಗೆರೆ:
ಗಂಡನನ್ನು ಬಿಟ್ಟವಳು ಬಾಗಿಲು ಮೆಲ್ಲಗೆ ಎಳೆದುಕೊಳ್ಳುವಲ್ಲಿ.
ರೌನಿ ಯಾರನ್ನೂ ಬಿಟ್ಟವಳಲ್ಲ. ನಾನು ಕೇಳಲೂ ಇಲ್ಲ.

ಎಂಜಿನ್ ಆರಿಸಿ, ಫ್ಲಾಸ್ಕಿನ ಕಾಫಿ ತಣಿಯುವ ತನಕ
ನಾನೂ ಒಂದು ಕಥೆ ಬರೆಯತೊಡಗಿದೆ,
ಹಳೆಯ ಎರವಲು ಚೀಟಿಗಳ ಬೆನ್ನಿಗೆ.
ಹೆಲ್ಕಾ ಅಂತ ಒಬ್ಬಳು. ನನ್ನ ಹಸಿರು ಕೋಟು ತೊಡಿಸಿದೆ,
ಎಡ ಮೊಣಕಾಲಿನ ನೋವನ್ನೂ ಕೊಟ್ಟೆ.
ತಮ್ಮನ ಮಣ್ಣಿಗೆ ಅವಳು ಹೋಗಲಿಲ್ಲ.
ದಾರಿ ಮುಚ್ಚಿತ್ತು, ಹಿಮ: ಮೊದಲ ಕರಡು.
ಎರಡನೆಯದಕ್ಕೆ ಇನ್ನಷ್ಟು ಹಿಮ ಸುರಿದೆ,
ಗಾಳಿ, ಅಡ್ಡ ಉರುಳಿದ ಪೈನ್ ಮರ,
ಸಾಲದ್ದಕ್ಕೆ ಒಂದು ಸತ್ತ ಹಿಮಸಾರಂಗ.

ಮೂರನೆಯದರಲ್ಲಿ ಹೆಲ್ಕಾ
ಸಾಲಿನ ನಡುವೆಯೇ ನಿಂತು ಕೋಟು ಕಳಚಿದಳು:
'ಆವತ್ತು ಬಸ್ಸು ಬಂದಿತ್ತಲ್ಲ, ರೌನಿಯ ಮನೆವರೆಗೂ?'

ಚೀಟಿ ಮಗುಚಿದೆ.
ತಾರೀಖು ಇದೆ, ನಾನೇ ಒತ್ತಿದ ಮುದ್ರೆ,
ತುಸು ವಾರೆಯಾಗಿ. ನಾಲ್ಕು ಕಾದಂಬರಿ ಕೊಟ್ಟಿದ್ದೆ.
ತಮ್ಮನ ಊರು ಅಲ್ಲಿಂದ ಎರಡು ತಿರುವು.

ಕಾಫಿ ಆರಿದೆ, ಪೆನ್ನಿನ ಮಸಿ ಹೆಪ್ಪುಗಟ್ಟಿದೆ.
ರೌನಿಯ ಬಳಿ ಆ ಪೆನ್ಸಿಲ್ ಕೇಳಬೇಕು.