ಹದಿನೇಳನೆಯ ತೂತು

ಎಸ್ಟೋನಿಯಾದ ಈ ದಡದಲ್ಲಿ ಕಡಲು ಹೆಪ್ಪುಗಟ್ಟಿದರೆ
ಅದರ ಮೇಲೇ ರಸ್ತೆ, ನೆಲದಿಂದ ದ್ವೀಪಕ್ಕೆ.
ಜೂನಿಪರ್ ಕೊಂಬೆ ನೆಟ್ಟ ಗುರುತುಗಳು ಇಪ್ಪತ್ತಾರು.
ಒಂದೊಂದರ ಬಳಿಯೂ ದಿನಾ ಬೆಳಿಗ್ಗೆ
ಬೈರಿಗೆ ತಿರುವಿ, ಅಳತೆಕೋಲು ಇಳಿಸಿ
ಗಡ್ಡೆಯ ದಪ್ಪ ಬರೆಯುವುದು ನನ್ನ ಕೆಲಸ.
ಪೆನ್ಸಿಲ್ಲಿನಲ್ಲಿ. ಶಾಯಿಯೂ ಹೆಪ್ಪುಗಟ್ಟುತ್ತದೆ.

ಆ ದಿನ ಹದಿನಾರು ಕೊರೆದಿದ್ದೆ.
ಗಾಳಿ. ಬೈರಿಗೆಯ ಅಲಗು ಮೊಂಡು.
ಫ್ಲಾಸ್ಕಿನಲ್ಲಿ ಕಾಫಿ ಇನ್ನೂ ಬಿಸಿಯಿತ್ತು.
ಹದಿನೇಳಕ್ಕೆ ನಿನ್ನೆಯ ಅಂಕಿಯನ್ನೇ ಬರೆದೆ:
ಇಪ್ಪತ್ತೇಳು ಸೆಂಟಿಮೀಟರು.
ನಿನ್ನೆ ಇದ್ದದ್ದು ಇಂದು ಎಲ್ಲಿಗೆ ಹೋದೀತು?
ಅಡಿಯಲ್ಲಿ ನೀರು ಹರಿಯುತ್ತಲೇ ಇರುತ್ತದೆಂದು
ಹೊಸಬರಿಗೆ ಪಾಠ ಹೇಳುತ್ತಿದ್ದವನು ನಾನೇ.

ಸಾಲ್ಮೆಯ ಹಿಟ್ಟಿನ ಲಾರಿ ಅಲ್ಲೇ ಮುಳುಗಿತು.
ಆ ರಸ್ತೆಯಲ್ಲಿ ಸೀಟ್‌ಬೆಲ್ಟ್ ಕಟ್ಟುವಂತಿಲ್ಲ;
ಅದಕ್ಕೇ ಹಾರಿ ಬದುಕಿದಳು.
ಎಡಗೈಯ ಎರಡು ಬೆರಳನ್ನು ಚಳಿ ಇಟ್ಟುಕೊಂಡಿತು.
ಕಂಡಿಯ ನೀರು ಸಂಜೆಯವರೆಗೂ
ತೆಳು ಗಂಜಿಯಂತೆ ಬೆಳ್ಳಗಿತ್ತು.

ಕಾಲ್ಯು ಕೇಳಿದ, "ಹದಿನೇಳು ಕೊರೆದಿದ್ದೆಯಾ?"
ಕೊರೆದೆ ಎನ್ನಬಹುದಿತ್ತು.
ತೂತಿತ್ತೋ ಇಲ್ಲವೋ, ಸಾಕ್ಷಿಯನ್ನೆಲ್ಲ
ಕಡಲು ನುಂಗಿಯಾಗಿತ್ತು.
ನಾಲಿಗೆಯ ತುದಿಗೆ ಬಂದ ಆ ಮಾತು,
ಸುಳ್ಳೇಕೆ, ಸಿಹಿಯಾಗಿತ್ತು.
"ಇಲ್ಲ" ಎಂದೆ.
ಅವನು ಕನ್ನಡಕ ತೆಗೆದು ಒರೆಸಿದ. ಬಹಳ ಹೊತ್ತು ಒರೆಸಿದ.

ಮೂರು ವಾರ ಮನೆಯಲ್ಲಿ ಸೌದೆ ಸೀಳಿದೆ,
ಎರಡು ಚಳಿಗಾಲಕ್ಕಾಗುವಷ್ಟು.
ಆಮೇಲೆ ಕರೆದರು. ಕ್ಷಮಿಸಿ ಅಲ್ಲ,
ಬೇರೆ ಯಾರೂ ಸಿಗಲಿಲ್ಲ.

ಮರಳಿದ ದಿನ ಹದಿನೇಳರ ಹತ್ತಿರ ಒಂದು ಕೊರೆದೆ.
ನಂಬಿಕೆ ಬರಲಿಲ್ಲ. ಇನ್ನೊಂದು. ಮತ್ತೊಂದು.
ಮೊಣಕಾಲೂರಿ ಏಳನೆಯದಕ್ಕೆ ಬೈರಿಗೆ ಇಟ್ಟಾಗ
ಹಿಂದಿನಿಂದ ಕಾಲ್ಯು ಕೂಗಿದ:
"ಸಾಕಯ್ಯ, ನಿಲ್ಲಿಸು!
ನಿನ್ನ ಪಶ್ಚಾತ್ತಾಪಕ್ಕೆ ರಸ್ತೆ ಜರಡಿಯಾಗುತ್ತಿದೆ.
ಇದರ ಮೇಲೂ ಲಾರಿ ಹೋಗಬೇಕು."

ಅಂಗಡಿಯಲ್ಲಿ ಸಾಲ್ಮೆ ಸಿಕ್ಕಳು,
ಉಳಿದ ಮೂರು ಬೆರಳಲ್ಲಿ ಚಿಲ್ಲರೆ ಎಣಿಸುತ್ತ.
ತಿಂಗಳಿಂದ ಜೋಡಿಸಿಟ್ಟ ಮಾತು ನನ್ನ ಗಂಟಲಲ್ಲೇ ಗಡ್ಡೆ.
ಅವಳೇ ಕೇಳಿದಳು, ಮುಖ ನೋಡದೆ:
"ಹದಿನೇಳು ಎಷ್ಟು ಇವತ್ತು?"
"ಮೂವತ್ತೊಂದು."
"ಕೊರೆದದ್ದೋ?"
"ಕೊರೆದದ್ದು."
ಬ್ರೆಡ್ಡನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು.
ಬಾಗಿಲು ಪೂರ್ತಿ ಮುಚ್ಚಲಿಲ್ಲ; ಚಳಿ ಒಳಗೆ ಬಂತು.

ಈಗ ಒಂದೇ ತೂತು.
ಹಿಂದಿನ ರಾತ್ರಿಯೇ ಅಲಗು ಮಸೆದಿರುತ್ತೇನೆ.
ಕಪ್ಪು ನೀರು ಉಕ್ಕಿ ಬಂದು ಸುಮ್ಮನಾಗುತ್ತದೆ.
ಕೋಲು ಇಳಿಸಿ, ಓದಿ, ಬರೆದು
ಹದಿನೆಂಟರ ಕಡೆಗೆ ನಡೆಯುತ್ತೇನೆ.