ಒಂದು ಗ್ರಾಂ

ಬೆಲೆ ಇಳಿಸಿ ಎಂದೆ.
ಇಜ್ಜಾ ಚೌಕಾಸಿಗೆ ಇಳಿಯಲಿಲ್ಲ;
ನಸುಕಿನಲ್ಲಿ ಕೊಯ್ದ ಹೂಬುಟ್ಟಿಯನ್ನು
ನನ್ನ ಮೊಣಕಾಲಿಗೆ ತಾಗಿಸಿಟ್ಟು
‘ಒಂದು ಗ್ರಾಂ ತಾನೆ? ನೀನೇ ಬಿಡಿಸು’ ಎಂದಳು.

ನೇರಳೆ ಎಸಳು ಬಿಚ್ಚಿದರೆ ಮೂರು ಎಳೆ,
ಇನ್ನೊಂದು ಬಿಚ್ಚಿದರೆ ಮತ್ತೆ ಮೂರು.
ನಲವತ್ತಕ್ಕೆ ಲೆಕ್ಕ ತಪ್ಪಿತು,
ಅರವತ್ತಕ್ಕೆ ಉಗುರಸಂದೆಲ್ಲ ಹಳದಿ.
ಸೊಸೆ ತೂದಾ ನಗು ಅದುಮಿಕೊಂಡು
ಚಹಾ ಬಗ್ಗಿಸಿದಳು.

ನಮ್ಮ ಕಡೆ ಹೂವಿನಿಂದ ನಾರಿಗೂ ಸ್ವರ್ಗ.
ತಾಲಿವೀನಿನಲ್ಲಿ ಹೂವು ತಿಪ್ಪೆಗೆ,
ನಾರೊಂದೇ ಕಡಲು ದಾಟುತ್ತದೆ.

ಮರಾಕೆಶ್‌ನ ದಲ್ಲಾಳಿ ಮುಂಚೆಲ್ಲ
ತಕ್ಕಡಿಯ ಜೊತೆ
ತನ್ನ ಹೆಬ್ಬೆರಳನ್ನೂ ತರುತ್ತಿದ್ದನಂತೆ.
ಈಗ ಹೆಂಗಸರದೇ ಸಂಘ, ಸಂಘದ್ದೇ ತಕ್ಕಡಿ,
ಅದಕ್ಕೊಂದು ಕಸೂತಿಯ ಮುಸುಕು.

ಮುಸುಕು ತೆಗೆದು, ಉಸಿರು ಬಿಗಿಹಿಡಿದು
ನನ್ನ ಎಳೆಗಳನ್ನು ತೂಗಿದಳು.
ಅಂಕಿ ಒಂದು ದಾಟಿತು!
ಗೆದ್ದೆ ಅಂದುಕೊಂಡೆ.

‘ಹಸಿಯದು ಮಾರಾಯ,’ ಎಂದಳು ಇಜ್ಜಾ,
‘ಐದರಲ್ಲೊಂದು ಪಾಲು ಉಳಿದೀತು.
ನೀನು ಇಳಿಸುವುದು ಬೇಡ,
ಒಣಗಿದರೆ ತಾನಾಗಿಯೇ ಇಳಿಯುತ್ತದೆ.’

ಕೇಳಿದಷ್ಟು ಕೊಟ್ಟೆ.
ಚಿಲ್ಲರೆಯನ್ನು ಎರಡು ಸಲ ಎಣಿಸಿ
ನನ್ನ ಹಳದಿ ಅಂಗೈಗೆ ಹಾಕಿ
ಬುಟ್ಟಿ ವಾಪಸು ಎಳೆದುಕೊಂಡಳು.
ಮಧ್ಯಾಹ್ನದೊಳಗೆ ಉಳಿದ ಹೂವು ಮುಗಿಯಬೇಕಿತ್ತು.