ಗೀಸರ್ ಬಿಚ್ಚಿದ ದಿನ

ನಾಲ್ಕಕ್ಕೆ ಎದ್ದು ಸ್ವಿಚ್ ಒತ್ತಿದರೆ
ಕೆಂಪು ದೀಪ ಹತ್ತುತ್ತದೆ, ಅಷ್ಟೇ.
ಇಪ್ಪತ್ತು ನಿಮಿಷ ಒಳಗೇನೋ
ಕಡಲೆ ಹುರಿದಂತೆ ಚಟಪಟ;
ನಲ್ಲಿ ತಿರುಗಿಸಿದರೆ
ಬೇರೆ ಯಾರೋ ಸ್ನಾನ ಮಾಡಿ ಬಿಟ್ಟ ನೀರಿನ ಹಾಗೆ,
ಉಗುರುಬೆಚ್ಚಗೂ ಅಲ್ಲ.

ಲಗ್ಗೆರೆಯ ಡಿಸೆಂಬರು.
ಐದೂಕಾಲಿಗೆ ಡಿಪೋದಲ್ಲಿ ಸಹಿ ಹಾಕಬೇಕು ನಾನು,
ಐದೂವರೆಗೆ ಮಾರ್ಕೆಟ್ಟಿನ ಮೊದಲ ಬಸ್ಸು,
ಹೂವಿನ ಮೂಟೆಗಳು, ಲಗೇಜಿಗೆ ಜಗಳ.
ಮೂರು ವಾರ ಹಲ್ಲು ಕಚ್ಚಿ ತಲೆಗೆ ಸುರಿದುಕೊಂಡೆ.
"ಬರ್ತಾ ಇದೆಯಲ್ಲ ಒಂದಿಷ್ಟು ಬಿಸಿ" ಅಂದರು ಮನೆಯವರು,
ಎಂಟೂವರೆಗೆ ಸ್ನಾನಕ್ಕಿಳಿಯುವವರು,
ಮೇಲಿನ ಸಿಂಟೆಕ್ಸಿಗೆ ಬಿಸಿಲು ಬಿದ್ದಮೇಲೆ.

ಮಂಗಳವಾರ, ನನ್ನ ರಜೆಯ ದಿನ,
ಸುಂಕದಕಟ್ಟೆಯಿಂದ ಬಂದ ಜ್ಞಾನಪ್ರಕಾಶಂ,
ಟೆಸ್ಟರನ್ನು ಬೀಡಿಯಂತೆ ಕಿವಿಗೆ ಸಿಕ್ಕಿಸಿಕೊಂಡು.
ಮೊದಲು ಮೇನ್ ಆಫ್ ಮಾಡಿಸಿದ.
ಆಮೇಲೂ ಟೆಸ್ಟರ್ ಇಟ್ಟು ಇನ್ನೊಮ್ಮೆ ನೋಡಿದ.
"ನಿಮ್ಮ ಮೇಲೆ ನಂಬಿಕೆ ಇದೆ ಮೇಡಂ,
ವೈರಿಂಗ್ ಮೇಲಿಲ್ಲ."

ಕೆಳಗಿನ ಮುಚ್ಚಳ ಬಿಚ್ಚಿದ್ದೇ ತಡ
ಸುರಿಯಿತು ನೋಡಿ,
ಸುಣ್ಣದ ಚಕ್ಕೆ, ರೊಟ್ಟಿಯ ಹೊಪ್ಪಳೆ,
ಮೊಟ್ಟೆಚಿಪ್ಪಿನಂಥ ಚೂರು,
ಮುಕ್ಕಾಲು ಬಕೆಟ್!
ಕಾಯಿಲ್ ಹೊರಗೆಳೆದರೆ
ಹಿಟ್ಟಿನಲ್ಲಿ ಹೊರಳಿಸಿ, ಎಣ್ಣೆಗೆ ಬಿಡುವ ಮುಂಚಿನ
ಮೆಣಸಿನಕಾಯಿ ಬಜ್ಜಿ.
"ಸಾವಿರದ ಇನ್ನೂರು ಅಡಿ ಬೋರು," ಅಂದ,
"ಊರಿನ ಬಂಡೆಯೇ ಕರಗಿ ಬರುತ್ತೆ.
ನೀರು ಕಾಯೋ ಮುಂಚೆ ಕಲ್ಲು ಕಾಯಬೇಕು,
ಕರೆಂಟ್ ಬಿಲ್ಲೂ ಅದಕ್ಕೇ."

ಅತ್ತೆ ಬಾಗಿಲಿಗೆ ಬಂದು ನಿಂತು
ತಾಮ್ರದ ಹಂಡೆಯ ಕಥೆ ತೆಗೆದರು:
ಹುಣಸೆಹಣ್ಣು, ಬೂದಿ, ತಿಂಗಳಿಗೊಮ್ಮೆ ತಿಕ್ಕಿದ್ದು.
"ಇದನ್ನ ಯಾರಾದ್ರೂ ತಿಕ್ಕಿದ್ರಾ?"
ಚೀಟಿ ದುಡ್ಡು ಎತ್ತಿ ತಂದದ್ದು. ಐದು ವರ್ಷ.
ತಿಕ್ಕುವುದಿರಲಿ, ಅದಕ್ಕೊಂದು ಒಳಗಿದೆ ಅಂತಲೇ
ನಮಗ್ಯಾರಿಗೂ ಹೊಳೆದಿರಲಿಲ್ಲ.

ಕೊನೆಗೆ ಅವನು ಎಳೆದದ್ದು ಒಂದು ತಂತಿ,
ಮೊಳದುದ್ದ, ಅಲ್ಲಲ್ಲಿ ಬೂದುಬಣ್ಣದ ಗಂಟು.
"ಹೊಸದ್ರಲ್ಲಿ ಹೆಬ್ಬೆರಳು ದಪ್ಪ ಇತ್ತು ಇದು.
ಮೆಗ್ನೀಷಿಯಂ. ನೀರು ಮೊದಲು ಇದನ್ನ ತಿನ್ನುತ್ತೆ,
ಇದು ಇರೋ ತನಕ ಟ್ಯಾಂಕಿನ ತಂಟೆಗೆ ಹೋಗಲ್ಲ.
ಸವೆಯೋದೇ ಇದರ ಕೆಲಸ."

"ಥೇಟ್ ನಿಮ್ಮ ಹಾಗೇ ಅಲ್ವಾ ಅಕ್ಕಾ"
ಅಂದಳು ಪಕ್ಕದ ಮನೆಯ ಪಂಕಜಾಕ್ಷಿ,
ಕಣ್ಣು ಒದ್ದೆ ಮಾಡಿಕೊಂಡು.
ನನಗೆ ರೇಗಿತು.
ಹದಿನಾಲ್ಕು ವರ್ಷ ಚಿಲ್ಲರೆ ಎಣಿಸಿದವಳು ನಾನು,
ಯಾರಿಗೆಷ್ಟು ಬಾಕಿ ಅಂತ
ಟಿಕೆಟ್ಟಿನ ಬೆನ್ನಿಗೆ ಬರೆದುಕೊಟ್ಟವಳು.
"ಕಡ್ಡಿಗೆ ಎಷ್ಟಪ್ಪಾ?"
"ನಾನೂರ ಐವತ್ತು."
"ಎಷ್ಟು ದಿನಕ್ಕೆ ಬದಲಿಸಬೇಕು?"
"ಈ ನೀರಿಗಾ? ಎರಡು ವರ್ಷ.
ಬಿಚ್ಚಿ ನೋಡೋದು ಮಾತ್ರ ವರ್ಷ ವರ್ಷ."
ಕೇಳಿಸ್ತಾ ಪಂಕಜಾಕ್ಷಿ?
ಕಡ್ಡಿಗಾದರೂ ಬೆಲೆ ಇದೆ, ಗಡುವು ಇದೆ,
ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ.

ಹೊಸ ಕಡ್ಡಿ, ಹೊಸ ವಾಷರು,
ಆಸಿಡ್‌ನಲ್ಲಿ ನೆನೆಸಿ ಉಜ್ಜಿದ ಅದೇ ಕಾಯಿಲ್ಲು.
ಟ್ಯಾಂಕಿನ ಹೊಟ್ಟೆಯ ಮೇಲೆ
ಮಾರ್ಕರಿನಲ್ಲಿ ತಾರೀಖು ಬರೆದು ಹೋದ.
ಅದರ ಕೆಳಗೆ ನಾನು ಬರೆದೆ:
ಮುಂದಿನ ಡಿಸೆಂಬರ್, ರುದ್ರಮೂರ್ತಿ.
ಮನೆಯವರು ಓದಿದರು. ಏನೂ ಅನ್ನಲಿಲ್ಲ.
ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

ಬುಧವಾರ, ನಾಲ್ಕೂ ಹತ್ತು.
ಚಟಪಟ ಇಲ್ಲ.
ಮೊದಲ ಚೊಂಬಿಗೇ ಹಾ ಅಂತ ಹಿಂದೆ ಸರಿದೆ,
ತಣ್ಣೀರು ಬೆರೆಸಬೇಕಾಯಿತು,
ಎಷ್ಟು ದಿನದ ಮೇಲೆ!

ಹಳೆ ತಂತಿ ಎಸೆದಿಲ್ಲ.
ಅತ್ತೆ ಅದರ ತುದಿ ಬಗ್ಗಿಸಿ
ಸಿಂಕಿನ ಕೊಳವೆಗೆ ಇಳಿಬಿಟ್ಟು
ಅನ್ನದ ಅಗುಳು, ಕರಿಬೇವು, ಯಾರದ್ದೋ ಕೂದಲು
ಎಳೆದೆಳೆದು ತೆಗೆಯುತ್ತಾರೆ.